ಉಪ್ಪಿನ ರುಚಿ ನೋಡಿದವಳು

ಬಾಯಿ ತುಂಬ ವಡಾಪಾವ್ ತುರುಕಿಕೊಂಡಿದ್ದಾಗಲೇ ಟೆರೇಸಿನ ಬಾಗಿಲು ತೆರೆಯಬೇಕೆ?

ನೀರಿನ ಟಾಕಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಜೈತೂನ್ ಗರಬಡಿದವಳಂತಾದಳು. ಕೈಯಲ್ಲಿ ಸ್ಪ್ಯಾನರ್ ಹಿಡಿದ ಲಿಫ್ಟ್ ರಿಪೇರಿಯವನು ಎದುರಿಗೇ ನಿಂತಿದ್ದ. ನುಂಗಲೂ ಆಗದು, ಉಗುಳಲೂ ಆಗದು. ಅವನು ಒಂದು ಕ್ಷಣ ನೋಡಿದ, ಸರಕ್ಕನೆ ಬೆನ್ನು ತಿರುಗಿಸಿ ಹೊರಟುಹೋದ.

ರಮ್ಜಾನ್ ತಿಂಗಳ ಮಟಮಟ ಮಧ್ಯಾಹ್ನ. ಕುರ್ಲಾದ ಆ ಬಿಲ್ಡಿಂಗಿನಲ್ಲಿ ಅರ್ಧಕ್ಕರ್ಧ ಮನೆಗಳು ಉಪವಾಸ. ಮುಟ್ಟಾದ ಹೆಣ್ಣಿಗೆ ರೋಜಾ ಇಲ್ಲ, ಆಮೇಲೆ ಹಿಡಿದು ತೀರಿಸಿದರಾಯಿತು. ಧರ್ಮವೇ ಕೊಟ್ಟ ವಿನಾಯಿತಿ ಅದು. ಆದರೆ ಅಬ್ಬಾಗೆ, ಅಣ್ಣನಿಗೆ ಗೊತ್ತಾಗಬಾರದೆಂದು ಅಮ್ಮಿ ಆ ದಿನಗಳಲ್ಲೂ ಅವಳನ್ನು ನಸುಕಿನ ಸೆಹರಿ ಊಟಕ್ಕೆ ಎಬ್ಬಿಸಿ ಕೂರಿಸುತ್ತಿದ್ದಳು. ಹೊಟ್ಟೆ ಮಾತ್ರ ಈ ನಾಟಕಕ್ಕೆ ಒಪ್ಪುತ್ತಿರಲಿಲ್ಲ.

‘ಏನೆಂದುಕೊಂಡನೋ... ರೋಜಾ ಮುರಿದವಳು ಅಂತಲೋ, ಇಲ್ಲಾ... ಅದೇ ಅಂತಲೋ?’ ಎರಡರಲ್ಲಿ ಯಾವುದಕ್ಕೆ ಹೆಚ್ಚು ನಾಚಬೇಕೆಂದು ಅವಳಿಗೇ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಹುಡುಗನ ಕಡೆಯವರು ಇಫ್ತಾರಿಗೆ ಬಂದರು. ವಡಾಲದಲ್ಲಿರುವ ಇಂಡಿ ಕಡೆಯ ಜನ. ಬಿಲ್ಡಿಂಗಿನ ಕೆಲಸಕ್ಕೆ ಬರುವ ಹುಡುಗನ ನಡತೆ ನೋಡಿ ಅಬ್ಬಾ ಮೆಚ್ಚಿ ಕರೆಸಿದ್ದ ಸಂಬಂಧ. ಅಡುಗೆಮನೆಯ ಪರದೆ ಸರಿಸಿ ನೋಡಿದ ಜೈತೂನ್ ತಟ್ಟನೆ ಅದನ್ನು ಬಿಟ್ಟುಬಿಟ್ಟಳು. ಅದೇ ಲಿಫ್ಟಿನವನು, ಇಲಿಯಾಸ್.

ಖರ್ಜೂರ ತಿಂದು, ನಮಾಜ್ ಮುಗಿಸಿ ಎಲ್ಲರೂ ಜೈತೂನ್ ಬೇಯಿಸಿದ ಗೋಧಿ-ಮಾಂಸದ ಹಲೀಮಿಗೆ ಕೂತರು. ಇಲಿಯಾಸನ ತಾಯಿ ಒಂದು ಚಮಚ ಬಾಯಿಗಿಟ್ಟು ತಲೆದೂಗಿದಳು.

“ರೋಜಾ ಇದ್ದಾಗ ನಂಗಂತೂ ಉಪ್ಪಿನ ಅಂದಾಜು ಸಿಗೂದಿಲ್ಲವ್ವ. ಈ ಹುಡುಗಿ ರುಚಿ ನೋಡದನ ಎಷ್ಟು ಬರೊಬ್ಬರಿ ಹಾಕ್ಯಾಳ ನೋಡ್ರಿ.”

“ನಮ್ಮ ಜೈತೂನ್ ಒಂದೂ ರೋಜಾ ಬಿಟ್ಟಿಲ್ರಿ,” ಎಂದರು ಅಬ್ಬಾ ಹೆಮ್ಮೆಯಿಂದ.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಮೂರು ಸಲ ರುಚಿ ನೋಡಿದ್ದಳು! ಅಷ್ಟರಲ್ಲಿ ಇಲಿಯಾಸ್ ಚಮಚ ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ.

‘ಮುಗಿಯಿತು. ನಿಜ ಗೊತ್ತಿರುವವನು ಅವನೊಬ್ಬನೇ... ನನ್ನನ್ನು ಸುಳ್ಳುಗಾತಿ ಅಂದುಕೊಂಡ.’

ಹಿರಿಯರು ಇಬ್ಬರನ್ನೂ ಮಾತಾಡಿಕೊಳ್ಳಲಿ ಎಂದು ಗ್ಯಾಲರಿಗೆ ಕಳಿಸಿದರು. ಸಂಬಂಧ ಮುರಿದರೆ ಮುರಿಯಲಿ, ತನ್ನದಲ್ಲದ ಹೊಗಳಿಕೆ ಬೇಡವೆಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು.

“ನಾ ರುಚಿ ನೋಡೇ ಉಪ್ಪು ಹಾಕೀನ್ರಿ. ನಂಗ... ಈಗ ರೋಜಾ ಇಲ್ಲ. ನಿಮ್ಮ ಅಮ್ಮಿಗೆ ಹೇಳಿಬಿಡ್ರಿ.”

“ನಾ ಯಾಕ ಹೇಳ್ಲಿ?”

“ಮತ್ತ ಊಟ ಬಿಟ್ರಿ... ನನ್ನ ಮ್ಯಾಲೆ ಹೇಸಿಗಿ ಬಂತಲ್ಲ?”

“ನನ್ನ ಮ್ಯಾಲೆ ಬಂತು.” ಇಲಿಯಾಸ್ ಕೆಳಗಿನ ರಸ್ತೆಯನ್ನೇ ನೋಡುತ್ತ ತನ್ನ ಅಕ್ಕನ ಮಾತು ತೆಗೆದ. “ಸಣ್ಣಾಂವ ಇದ್ದಾಗ ಒಮ್ಮೆ ನಮ್ಮ ಆಪಾ ಬಚ್ಚಲದಾಗ ನಿಂತು ರೊಟ್ಟಿ ತಿನ್ನಾಕತ್ತಿದ್ಲು. ಆಪಾ ರೋಜಾ ಮುರದ್ಲು ಅಂತ ನಾ ಇಡೀ ಚಾಳಿನ ಮಂದಿಗೆ ಕೇಳೂವಂಗ ಒದರಿದೆ. ಮುಂದ ಯಾವ ರಮ್ಜಾನದಾಗೂ ಆಕಿ ಹಗಲೊತ್ತು ಒಂದು ಗುಟುಕು ನೀರೂ ಕುಡೀಲಿಲ್ಲ. ತಪ್ಪಾತು ಅಂತ ಇವತ್ತಿಗೂ ಆಕಿಗೆ ಅಂದಿಲ್ಲ ನಾ.”

ಜೈತೂನಳ ಕಣ್ಣು ತುಂಬಿ ಬಂತು. ಇಷ್ಟು ಹೊತ್ತು ನಾಚಿಕೆ ತನಗೊಬ್ಬಳಿಗೇ ಎಂದುಕೊಂಡಿದ್ದಳು.

“ನಾಳಿ ಮಧ್ಯಾಹ್ನ ಏನು ಉಣ್ತೀರಿ?” ಎಂದು ಅವನೇ ಕೇಳಿದ.

ರಮ್ಜಾನಿನಲ್ಲಿ ಅವಳಿಗೆ ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

“ಅನ್ನ... ಬ್ಯಾಳಿ.”

“ಎಲ್ಲಿ ಕುಂತು?”

ಒಳಗೆ ಅಬ್ಬಾನ ನಗು ಕೇಳುತ್ತಿತ್ತು. ಅವಳು ಅತ್ತ ಒಮ್ಮೆ ನೋಡಿ ಇವನ ಕಡೆ ತಿರುಗಿದಳು.

“ಅಡಗಿಮನ್ಯಾಗ. ಎಲ್ಲಾರ ಎದುರಿಗೆ.”

“ಮುಂದಿನ ವರ್ಷ ನಮ್ಮ ಮನ್ಯಾಗ ಉಣ್ರಿ. ನಾ ರೋಜಾ ಇದ್ರೂ ನಿಮಗ ತಾಟು ಹಚ್ಚಿ ಕೊಡ್ತೀನಿ.” ಅವನ ದನಿ ಸಣ್ಣಗಾಯಿತು. “ಒಪ್ಪಿಗಿ ಐತೇನ್ರಿ?”

“ಐತ್ರಿ... ಆದ್ರ ಮೊದಲು ನಿಮ್ಮ ಆಪಾಗ ತಪ್ಪಾತು ಅನಬೇಕು.”

“ತಪ್ಪಾತು ಅಂದೇ ಬರ್ತೀನಿ.”