ಮಂಗಳವಾರ ಬನ್ನಿ

ಅವಳು ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲಿ ಎರಡು ರಟ್ಟಿನ ಡಬ್ಬಿಗಳಿದ್ದವು, ಮುಖದಲ್ಲಿ ಮೂರು ದಿನದ ಸಿಟ್ಟಿತ್ತು.

"ಮೊದಲೇ ಕೇಳಿಬಿಡ್ತೀನಿ," ಎಂದಳು. "ಇಲ್ಲಿ ಗೊತ್ತಿರೋರು ಯಾರಾದ್ರೂ ಇದ್ದಾರಾ? ಇಲ್ಲ ಅಂದ್ರೆ ಇಲ್ಲ ಅನ್ನಿ, ಬೇಜಾರಿಲ್ಲ. ಹೀಗೇ ವಾಪಸ್ ಹೋಗ್ತೀನಿ."

ಕೌಂಟರಿನ ಹಿಂದೆ ಅವನೊಬ್ಬನೇ ಇದ್ದ. ಸೋದರಮಾವನ ಆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅವನು ಕೂತು ಹದಿನಾರು ವರ್ಷವಾಗಿತ್ತು. ಯಾವ ಗಾಡಿಗೆ ಯಾವ ನಂಬರಿನ ಸಾಮಾನು ಎಂಬುದನ್ನು ಕಂಪ್ಯೂಟರ್ ನೋಡದೆ, ಕ್ಯಾಟಲಾಗ್ ಮಗುಚದೆ ಹೇಳುತ್ತಿದ್ದ. ಸುತ್ತಲಿನ ಗ್ಯಾರೇಜಿನವರು ಅವನಿಗೆ 'ಡಿಕ್ಷನರಿ' ಎಂದೇ ಹೆಸರಿಟ್ಟಿದ್ದರು. ಮೂವತ್ತೇಳು ತುಂಬಿದ್ದರೂ ಮದುವೆಯ ಮಾತು ಬಂದಾಗ ಮಾತ್ರ ಆ ಡಿಕ್ಷನರಿಯಲ್ಲಿ ಒಂದು ಪದವೂ ಸಿಗುತ್ತಿರಲಿಲ್ಲ.

ಏನು ತೊಂದರೆ ಎಂದು ಅವನು ಕೇಳಿದ್ದೇ ತಡ, ಅವಳು ಎಲ್ಲವನ್ನೂ ಹೇಳಿಕೊಂಡಳು. ಅವಳು ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಮನೆಗೆ ತಾನೇ ಹೋಗಿ ಕೈಕಾಲು ಆಡಿಸುವುದು, ನಡೆಸುವುದು ಅವಳ ಕೆಲಸ. ಕಾರು ಅಪ್ಪನದು, ಇಪ್ಪತ್ತೆರಡು ವರ್ಷ ಹಳೆಯದು; ಆ ಮಾಡೆಲ್ ಬರುವುದು ನಿಂತೇ ಎಷ್ಟೋ ಕಾಲವಾಗಿತ್ತು. ಓಡಿಸುವಾಗ ಏನೋ ಸದ್ದು. ಮೊದಲ ಅಂಗಡಿಯವನು ಕೀಬೋರ್ಡ್ ಕುಟ್ಟಿ, ಆ ಮಾಡೆಲ್ ಸಿಸ್ಟಮ್‌ನಲ್ಲೇ ಇಲ್ಲ ಎಂದನಂತೆ, ಹೊರಗೆ ನಿಂತ ಕಾರು ಅವಳ ಕನಸು ಎಂಬ ಹಾಗೆ. ಎರಡನೆಯವನು ಒಂದಲ್ಲ ಎರಡು ಸಲ ತಪ್ಪು ಸೈಜಿನ ಸಾಮಾನನ್ನು ಆ ರಟ್ಟಿನ ಡಬ್ಬಿಗಳಲ್ಲಿ ಕೊಟ್ಟು, ಹೆಚ್ಚುಕಡಿಮೆ ಕೂತುಕೊಳ್ಳುತ್ತದೆ ಎಂದು ಧೈರ್ಯ ಹೇಳಿದ್ದ. ಮೂರನೆಯವನು, ಹೊಸ ಮ್ಯೂಸಿಕ್ ಸಿಸ್ಟಮ್ ಹಾಕಿಸಿದರೆ ಸದ್ದೇ ಕೇಳಿಸುವುದಿಲ್ಲ ಎಂದಿದ್ದ.

ಅವನಿಗೆ ನಗು ಬಂತು. ತಡೆದುಕೊಂಡ.

"ಸದ್ದು ಹೇಗೆ ಬರುತ್ತೆ ಮೇಡಂ?"

ಅವಳು ಒಮ್ಮೆ ಬೀದಿಯ ಕಡೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಣ್ಣು ಮುಚ್ಚಿ, ಗಂಟಲಲ್ಲೇ ಸಣ್ಣದಾಗಿ "ಹೂಂಂಂ" ಎಂದು ಶುರುಮಾಡಿ, ಸ್ಪೀಡ್ ಏರಿದ ಹಾಗೆ ದನಿ ಏರಿಸುತ್ತ ಹೋದಳು. ಹುಬ್ಬು ಗಂಟಿಕ್ಕಿತ್ತು. ಕಿವಿಯ ಹಿಂದಿನಿಂದ ಒಂದೆಳೆ ಕೂದಲು ಜಾರಿ ಕೆನ್ನೆಗೆ ಬಂದಿತ್ತು. ಹದಿನಾರು ವರ್ಷದಲ್ಲಿ ಸದ್ದನ್ನು ಇಷ್ಟು ಪ್ರಾಮಾಣಿಕವಾಗಿ ಯಾರೂ ಅವನಿಗೆ ಹೇಳಿರಲಿಲ್ಲ.

"ಎಡಕ್ಕೆ ತಿರುಗಿಸಿದಾಗ ಜಾಸ್ತಿಯಾಗುತ್ತಾ, ಬಲಕ್ಕಾ?"

ಅವಳು ಕಣ್ಣು ತೆರೆದಳು. "ಎಡಕ್ಕೆ. ಇದನ್ನ ಯಾರೂ ಕೇಳಲೇ ಇಲ್ಲ."

"ಹಾಗಾದ್ರೆ ಬಲಗಡೆ ಮುಂದಿನ ಚಕ್ರದ್ದು. ಬೇರಿಂಗ್ ಸವೆದಿದೆ. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಕ್ಕೆ ಬೀಳುತ್ತಲ್ಲ, ಅದಕ್ಕೆ ಕೂಗುತ್ತೆ."

ಸವೆದ ಮೊಣಕಾಲೂ ಹೀಗೇ, ಭಾರ ಬಿದ್ದಾಗಲೇ ಕೂಗುವುದು ಎಂದಳು ಅವಳು. ಸಿಟ್ಟು ಎಲ್ಲಿ ಹೋಯಿತೋ, ಮುಖ ಹಗುರವಾಗಿತ್ತು.

ಆ ಬೇರಿಂಗ್ ಅಂಗಡಿಯಲ್ಲಿತ್ತು. ಒಂದೇ ಒಂದು, ಒಳಗಿನ ರ‍್ಯಾಕಿನ ಮೇಲಿನ ಸಾಲಿನಲ್ಲಿ, ಬದಿ ಹರಿದ ನೀಲಿ ಡಬ್ಬಿಯಲ್ಲಿ. ಎರಡು ನಿಮಿಷದಲ್ಲಿ ತಂದು ಕೊಡಬಹುದಿತ್ತು. ಕೊಟ್ಟರೆ ಅವಳು ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದು ಹೋಗುತ್ತಾಳೆ, ಇಂಥ ಸದ್ದು ಆ ಕಾರಿನಲ್ಲಿ ಮತ್ತೆ ಹತ್ತು ವರ್ಷ ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ತರಿಸಬೇಕು," ಎಂದ. "ಶನಿವಾರ ಬನ್ನಿ. ಅಲ್ಲಿವರೆಗೆ ಕಾರು ಓಡಿಸಬೇಡಿ, ಅಪಾಯ."

ಎರಡನೆಯ ಮಾತು ನಿಜ. ಅಂದು ಗುರುವಾರ.

ಶನಿವಾರ ಬೆಳಿಗ್ಗೆ ಅವನು ನೀಲಿ ಡಬ್ಬಿಯನ್ನು ಒರೆಸಿ ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದ. ಕೊಡಲೆಂದೇ ಇಟ್ಟುಕೊಂಡಿದ್ದ, ಆ ಮಾತು ಅವನು ಯಾರ ಮುಂದೆ ಬೇಕಾದರೂ ಹೇಳಬಲ್ಲ.

ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಅವನು ಮೇಲಿನಿಂದ ಒಂದು ಗೇರ್ ಬಾಕ್ಸ್ ಕವರ್ ಇಳಿಸುವಾಗ ಮುಖ ಕಿವುಚಿದ್ದನ್ನು ನೋಡಿ, ಕೈ ಇಲ್ಲಿ ಕೊಡಿ ಎಂದಳು. ಅವನು ಬಟ್ಟೆಗೆ ಕೈ ಒರೆಸಿಕೊಂಡ, ಮತ್ತೂ ಒರೆಸಿಕೊಂಡ. ಗ್ರೀಸು ಹೋಗಲಿಲ್ಲ. ಅವಳು ಅದನ್ನು ಲೆಕ್ಕಿಸದೆ ಅವನ ಹೆಬ್ಬೆರಳಿನ ಬುಡ ಹಿಡಿದು ಒತ್ತಿದಳು.

"ನೋವಾಗುತ್ತಾ?"

"ಇಲ್ಲ," ಎಂದ. ಪ್ರಾಣ ಹೋಗುವಷ್ಟು ನೋವಾಗುತ್ತಿತ್ತು.

"ಡಿಕ್ಷನರಿಯವರೇ, ನಿಮಗೆ ಸುಳ್ಳು ಹೇಳೋಕೆ ಬರಲ್ಲ," ಎಂದು ಅವಳು ನಕ್ಕಳು. ಆ ಹೆಸರು ಅವಳ ಕಿವಿಗೆ ಯಾವಾಗ ಬಿತ್ತೋ.

ಮಾತಿಗೆ ಮಾತು ಸೇರಿ ಒಂದು ಗಂಟೆ ಸರಿಯಿತು. ಅಪ್ಪ ಅಕ್ಕನ ಮನೆಯಲ್ಲಿದ್ದಾರೆ, ಬಸ್ಸಿನಲ್ಲಿ ಐದು ತಾಸಿನ ದಾರಿ, ವರ್ಷದ ಹಿಂದೆ ಒಂದು ಸಲ ಸ್ಟ್ರೋಕ್ ಆಗಿತ್ತು, ಈಗ ಕೋಲು ಹಿಡಿದು ಓಡಾಡುತ್ತಾರೆ ಎಂದೆಲ್ಲ ಹೇಳಿದಳು. ತನ್ನ ಕಾರಿನಲ್ಲಿ ಒಂದು ಸುತ್ತು ಹೋಗಬೇಕೆಂದು ಅವರ ಹಟವಂತೆ. ಕಾರು ಸರಿಯಾದ ಕೂಡಲೇ ಹೊರಡುತ್ತೇನೆ, ಹೋದರೆ ಎರಡು ಮೂರು ವಾರ ಅಲ್ಲೇ ಇರುತ್ತೇನೆ ಎಂದಳು. ಆಮೇಲೆ ಕೌಂಟರಿನ ಕಡೆ ಬಾಗಿ, "ಬಂತಾ ನಮ್ಮ ಬೇರಿಂಗ್?" ಎಂದು ಕೇಳಿದಳು.

ಎರಡು ಮೂರು ವಾರ. ಅವನ ಕೈ ಕೌಂಟರಿನ ಕೆಳಗೆ ಡಬ್ಬಿಯ ಮೇಲೆಯೇ ಇತ್ತು.

"ಇನ್ನೂ ಬಂದಿಲ್ಲ. ಮಂಗಳವಾರ ಬನ್ನಿ."

ಅವಳ ಮುಖ ಸ್ವಲ್ಪ ಬಾಡಿತು. ಅಲ್ಲೇ ಕೂತು ಅಪ್ಪನಿಗೆ ಫೋನ್ ಮಾಡಿದಳು. ಆ ಕಡೆಯ ದನಿ ಜೋರಾಗಿತ್ತು, ಅವನಿಗೂ ಕೇಳಿಸಿತು. ಬಸ್ಸಿಗೆ ಬರಬೇಡ ಪುಟ್ಟಿ, ಕಾರು ತಗೊಂಡೇ ಬಾ, ನಿನಗೊಂದು ಮಾತು ಹೇಳೋದಿದೆ, ಕಾರಲ್ಲಿ ಕೂತು ಹೇಳ್ತೀನಿ ಎನ್ನುತ್ತಿದ್ದರು ಅಪ್ಪ. ಈಗಲೇ ಹೇಳಿ ಎಂದು ಅವಳು ಪೀಡಿಸಿದಳು. ಅವರು ನಕ್ಕು ಫೋನಿಟ್ಟರು.

ಆಗಲಾದರೂ ಅವನು ಡಬ್ಬಿ ತೆಗೆದು ಮೇಲಿಡಬಹುದಿತ್ತು. ಅಯ್ಯೋ, ಇಲ್ಲೇ ಇದೆ ನೋಡಿ, ಮರೆತಿದ್ದೆ ಎಂದರೆ ಸಾಕಿತ್ತು. ನಾಚಿಕೆ ಅಡ್ಡ ಬಂತು. ಮೂರೇ ದಿನ ತಾನೇ ಎಂದುಕೊಂಡ.

ಸೋಮವಾರ ಬೆಳಿಗ್ಗೆ ತಿಂಡಿಗೆ ಕೂತ ಜಾಗದಲ್ಲೇ ಅವಳ ಅಪ್ಪ ಕುಸಿದರು. ಅವಳು ಸಿಕ್ಕ ಬಸ್ಸು ಹತ್ತಿ ಮಧ್ಯಾಹ್ನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಮಾತು ಹೋಗಿತ್ತು. ಕಣ್ಣು ಇವಳನ್ನು ಗುರುತಿಸುತ್ತಿತ್ತು, ತುಟಿ ಏನೋ ಹೇಳಲು ಒದ್ದಾಡುತ್ತಿತ್ತು, ದನಿ ಮಾತ್ರ ಬರಲಿಲ್ಲ. ನಲವತ್ತು ದಿನ ಹಾಗೇ ಇದ್ದು ಹೋಗಿಬಿಟ್ಟರು.

ಇದೆಲ್ಲ ಅವನಿಗೆ ತಿಳಿದದ್ದು ಅವಳು ವಾಪಸ್ ಬಂದ ಮೇಲೆ. ಅವಳು ಬೇರಿಂಗ್ ಕೇಳಲು ಬಂದಿದ್ದಳು, ಸೊರಗಿ ಅರ್ಧವಾಗಿದ್ದಳು. ಅವನು ಅಂಗಡಿಗೆ ಬೀಗ ಹಾಕಿ, ಸ್ಪ್ಯಾನರ್ ಹಿಡಿದು ಅವಳ ಮನೆ ಮುಂದೆ ನಿಂತಿದ್ದ ಕಾರಿನ ಬಳಿ ಹೋಗಿ, ಚಕ್ರ ಬಿಚ್ಚಿ, ಗ್ಯಾರೇಜಿನ ಪ್ರೆಸ್ ಯಂತ್ರದಲ್ಲಿ ಹೊಸ ಬೇರಿಂಗ್ ಒತ್ತಿ ಕೂರಿಸಿಕೊಂಡು ತಂದು ತಾನೇ ಜೋಡಿಸಿದ. ಅವಳು ಮೆಟ್ಟಿಲ ಮೇಲೆ ಕೂತು ಅಪ್ಪನ ಬಗ್ಗೆ ಮಾತಾಡುತ್ತಲೇ ಇದ್ದಳು. ಅವನು ತಲೆ ಎತ್ತಲಿಲ್ಲ. ಅವಳು ಅದನ್ನು ಕರುಣೆ ಎಂದುಕೊಂಡಳು.

ಅಲ್ಲಿಂದ ಅವಳೇ ಹತ್ತಿರವಾದಳು. ಕೆಲಸ ಮುಗಿಸಿ ಬರುವಾಗ ಅಂಗಡಿಗೆ ಬಂದು ಹೋಗುವುದು ರೂಢಿಯಾಯಿತು. ಅವನ ಹೆಬ್ಬೆರಳಿಗೆ ವ್ಯಾಯಾಮ ಹೇಳಿಕೊಟ್ಟು, ಮಾಡಿದ್ದೀರಾ ಇಲ್ಲವಾ ಎಂದು ಪರೀಕ್ಷೆ ಮಾಡುತ್ತಿದ್ದಳು. ಮಾಡದಿದ್ದರೆ ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಳು. ಆ ನೋಟಕ್ಕಾಗಿಯೇ ಅವನು ಒಮ್ಮೊಮ್ಮೆ ಮರೆಯುತ್ತಿದ್ದ. ಒಂದು ಸಂಜೆ, ಬೆಳಕು ಓರೆಯಾಗಿ ಕೌಂಟರಿನ ಗಾಜಿನ ಮೇಲೆ ಬಿದ್ದಿದ್ದಾಗ, ಅವಳು ಗಾಜಿನೊಳಗಿನ ಬಲ್ಬುಗಳನ್ನು ಎಣಿಸುವವಳ ಹಾಗೆ ತಲೆ ತಗ್ಗಿಸಿ ಕೇಳಿದಳು.

"ನಾನು ಇಷ್ಟು ಸಲ ಬರ್ತೀನಲ್ಲ, ಯಾಕೆ ಅಂತ ನಿಮ್ಮ ಡಿಕ್ಷನರಿಯಲ್ಲಿ ಇದೆಯಾ?"

"ಇದೆ," ಎಂದ ಅವನು. "ಓದೋಕೆ ಧೈರ್ಯ ಸಾಲ್ತಿಲ್ಲ."

"ನಾನು ಓದಿ ಹೇಳ್ಲಾ?" ಎಂದು ಅವಳು ತಲೆ ಎತ್ತಿದಳು. ಅಪ್ಪ ಹೋದ ಮೇಲೆ ಆ ಕಣ್ಣುಗಳಲ್ಲಿ ಅವನು ನಗು ಕಂಡದ್ದು ಅದೇ ಮೊದಲು.

ಸೋದರಮಾವನಿಗೆ ವಿಷಯ ತಿಳಿದು ಆತ ಊರೆಲ್ಲ ಕೇಳುವಂತೆ ಸಂತೋಷಪಟ್ಟ. ಅವಳ ಅಕ್ಕ ಭಾನುವಾರ ಬಂದು ಮಾತಾಡುವುದೆಂದಾಯಿತು. ಅವನಿಗೆ ಅನ್ನ ಇಳಿಯದಾಯಿತು, ನಿದ್ದೆ ಹತ್ತದಾಯಿತು. ಕೊನೆಗೆ ಮಾವನ ಮುಂದೆ ಎಲ್ಲ ಹೇಳಿಕೊಂಡ. ಮಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆದದ್ದು ಆಗಿಹೋಯಿತು, ಹೂತದ್ದನ್ನು ಯಾಕೆ ಅಗೆಯುತ್ತೀಯ, ಹೇಳಿದರೆ ನಿನ್ನ ಮನಸ್ಸು ಹಗುರಾಗುತ್ತದೆ, ಅವಳದು ಭಾರವಾಗುತ್ತದೆ, ಅಷ್ಟೇ ತಾನೇ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಸುಮ್ಮನಿದ್ದುಬಿಡುತ್ತಿದ್ದನೇನೋ.

ಶುಕ್ರವಾರ ಅವಳ ಮನೆಗೆ ಹೋದಾಗ ಅವಳು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಅಕ್ಕನ ಜೊತೆ ಮಾತಾಡುತ್ತಿದ್ದಳು. ನೀನೇ ನೋಡ್ತೀಯಲ್ಲ ಅಕ್ಕ, ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ, ಅಂಥ ಮನುಷ್ಯ, ನಮ್ಮಪ್ಪನ ಥರಾನೇ ಎನ್ನುತ್ತಿದ್ದಳು.

ಅವಳು ಫೋನಿಟ್ಟ ಮೇಲೆ ಅವನು ಎದುರು ಕೂತ. ಒಂದು ಹಿಡಿ ಬಟಾಣಿ ತೆಗೆದುಕೊಂಡ. ಬಿಡಿಸಲಿಲ್ಲ.

"ಬೇರಿಂಗ್ ಇತ್ತು," ಎಂದ.

"ಯಾವ ಬೇರಿಂಗ್?"

"ನಿಮ್ಮ ಕಾರಿಂದು. ಮೊದಲ ದಿನವೇ ಇತ್ತು. ಶನಿವಾರ ನೀವು ಅಪ್ಪನಿಗೆ ಫೋನ್ ಮಾಡಿದಾಗಲೂ ಇತ್ತು. ನೀವು ಮತ್ತೆ ಬರಲಿ ಅಂತ ಇಲ್ಲ ಅಂದೆ."

ಅವಳ ಬೆರಳು ಒಂದು ಸಿಪ್ಪೆಯೊಳಗೆ ಹಾಗೇ ನಿಂತಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಎಲ್ಲಿತ್ತು?"

"ಕೌಂಟರ್ ಕೆಳಗೆ. ನನ್ನ ಕೈ ಅದರ ಮೇಲೇ ಇತ್ತು."

ಅವಳು ತಲೆಯಾಡಿಸಿದಳು, ರೋಗಿಯೊಬ್ಬ ನೋವು ಎಲ್ಲಿ ಎಂದು ಕೊನೆಗೂ ಬೆರಳಿಟ್ಟು ತೋರಿಸಿದಾಗ ಆಡಿಸುವ ಹಾಗೆ. "ಆ ಮೂರು ಅಂಗಡಿಯವರಿಗೆ ಏನೂ ಗೊತ್ತಿರಲಿಲ್ಲ," ಎಂದಳು. "ಅವರನ್ನ ಎಷ್ಟು ಬೈಕೊಂಡೆ. ನಿಮಗೆ ಗೊತ್ತಿತ್ತು."

ಆಮೇಲೆ, ಈಗ ಹೋಗಿ ಎಂದಳು. ಅವನು ಹೋದ.

ಭಾನುವಾರ ಅಕ್ಕ ಬರಲಿಲ್ಲ. ಮೂರು ವಾರ ಅವಳ ಸುದ್ದಿಯೂ ಇಲ್ಲ. ಅವನು ಅಂಗಡಿಯಲ್ಲಿ ಕೂತು, ಕೇಳಿದ ಸಾಮಾನಿನ ಬದಲು ಇನ್ನೊಂದನ್ನು ಎತ್ತಿಕೊಡತೊಡಗಿದ. ಡಿಕ್ಷನರಿಯ ಹಾಳೆ ಹರಿದಿದೆ ಎಂದು ಗ್ಯಾರೇಜಿನವರು ತಮಾಷೆ ಮಾಡಿದರು. ಮಾವ ಮಾತ್ರ, ನಾನು ಹೇಳಿರಲಿಲ್ಲವಾ ಎಂದು ಒಂದು ಸಲವೂ ಅನ್ನಲಿಲ್ಲ.

ನಾಲ್ಕನೆಯ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ಬಂದಳು. ಕಾರು ಬಾಗಿಲ ಮುಂದೆಯೇ ನಿಲ್ಲಿಸಿದ್ದಳು. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅಕ್ಕನ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ನಾಳೆ ಹೊರಡುತ್ತಿದ್ದೇನೆ ಎಂದಳು.

"ನನಗೆ ಸಿಟ್ಟಿಲ್ಲ," ಎಂದಳು ಆಮೇಲೆ. "ಇದ್ದಿದ್ರೆ ಸುಲಭವಾಗ್ತಿತ್ತು. ನೀವು ಹೇಳದೇ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ, ಅದೂ ಗೊತ್ತು. ಆದ್ರೆ ಇನ್ಮೇಲೆ ನೀವು ಟೀ ಬಿಸಿ ಇದೆ ಅಂದ್ರೂ ನಾನು ಲೋಟ ಮುಟ್ಟಿ ನೋಡ್ತೀನಿ. ಹಾಗೆ ಸಂಸಾರ ಮಾಡೋಕಾಗುತ್ತಾ?"

ಆಗಲ್ಲ ಎಂದು ಅವನು ತಲೆಯಾಡಿಸಿದ.

"ಇಷ್ಟ ಇರಲಿಲ್ಲ ಅಂತ ಮಾತ್ರ ಅಂದ್ಕೋಬೇಡಿ," ಎಂದಳು.

ನಂತರ ನೋಟ್‌ಬುಕ್ ತೆರೆದು, ಈ ಕಾರಿನ ಬಗ್ಗೆ ತನಗೆ ಎಲ್ಲ ಕಲಿಸಿಕೊಡಬೇಕು ಎಂದಳು. ಅಪ್ಪನ ಕಾರನ್ನು ಅವಳು ಮಾರುವುದಿಲ್ಲ. ಗೊತ್ತಿಲ್ಲದವರ ಮುಂದೆ ನಿಂತು ಸಾಕಾಗಿದೆ.

ಇಬ್ಬರೂ ಹೊರಗೆ ಬಂದು ಬಾನೆಟ್ ಎತ್ತಿದರು. ಅವನು ಒಂದೊಂದನ್ನೂ ಮುಟ್ಟಿ ತೋರಿಸಿದ. ಯಾವ ಬೆಲ್ಟ್ ಎಷ್ಟು ಕಿಲೋಮೀಟರಿಗೆ ಬಿರುಕು ಬಿಡುತ್ತದೆ, ಯಾವ ಫಿಲ್ಟರ್ ಈಗ ಬರುವುದಿಲ್ಲ, ಅದರ ಬದಲು ಬೇರೆ ಯಾವ ಗಾಡಿಯದು ಸರಿಯಾಗಿ ಕೂರುತ್ತದೆ, ಬ್ರೇಕ್ ಹಿಡಿದಾಗ ಕೀರಲು ಸದ್ದು ಬಂದರೆ ಏನು, ಒರಟು ಸದ್ದು ಬಂದರೆ ಏನು, ಅಂಗಡಿಯವನು ಡಬ್ಬಿ ಕೊಟ್ಟಾಗ ನಂಬರ್ ಎಲ್ಲಿ ಓದಬೇಕು ಎಂದೆಲ್ಲ ಹೇಳಿದ. ಅವಳು ಬರೆದುಕೊಂಡಳು, ಅರ್ಥವಾಗದಿದ್ದರೆ ಮತ್ತೆ ಕೇಳಿದಳು. ಹೇಳುತ್ತ ಹೋದಂತೆ ಅವನಿಗೆ ಹೊಳೆಯಿತು: ಈ ಒಂದೊಂದು ಸಾಲೂ ಅವಳು ಇಲ್ಲಿಗೆ ಫೋನ್ ಮಾಡಬಹುದಾಗಿದ್ದ ಒಂದೊಂದು ಕಾರಣ. ಒಂದಿಷ್ಟು ಉಳಿಸಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಯಾವುದನ್ನೂ ಉಳಿಸಿಕೊಳ್ಳಲಿಲ್ಲ.

ಎರಡು ತಾಸಾಯಿತು. ಕೊನೆಗೆ ಅವನು, ಅವಳು ಹೋಗುತ್ತಿರುವ ಊರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿಯಿದೆ, ಅಲ್ಲೊಬ್ಬರು ಹಿರಿಯರಿದ್ದಾರೆ ಎಂದ.

"ಅವರಿಗೆ ನನಗಿಂತ ಚೆನ್ನಾಗಿ ಗೊತ್ತು."

ಅವಳು ಪೆನ್ನು ಹಿಡಿದು ಅವನ ಮುಖ ನೋಡಿದಳು. "ನಂಬಬಹುದಾ?"

"ನಂಬಬಹುದು."

ಅವಳು ಮರುಮಾತಿಲ್ಲದೆ ಬರೆದುಕೊಂಡಳು.

ನೋಟ್‌ಬುಕ್ ಮುಚ್ಚಿ, ಒಂದು ಗಳಿಗೆ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದಳು. ರಸ್ತೆಯ ಕೊನೆಯಲ್ಲಿ ಕಾರು ಎಡಕ್ಕೆ ತಿರುಗಿತು. ಅವನು ಕಿವಿಗೊಟ್ಟು ನಿಂತಿದ್ದ. ಒಂದು ಸಣ್ಣ ಸದ್ದೂ ಇರಲಿಲ್ಲ, ಕಾರು ಚೆನ್ನಾಗಿತ್ತು.