ಮೂರು ಫೂಟಿನ ಕಿಡಕಿ

"ತಗೋರಿ ಇದನ್ನ... ನಿಮ್ಮ ಮನ್ಯಾಗ ನನಗ ಜಾಗಾ ಇಲ್ಲ!"

ಖೈರುನಬಿ ನಿಶ್ಚಿತಾರ್ಥದ ಉಂಗುರವನ್ನು ಇಟ್ಟಿಗೆಯ ಮೇಲಿಟ್ಟಳು. ಕಣ್ಣಿಗೆ ನೀರು ಬರಲಿಲ್ಲ. ಬರಬೇಕಿತ್ತಲ್ಲ ಎಂದು ಅವಳಿಗೇ ಅನಿಸಿತು.

ಬೆಟಗೇರಿಯ ಆ ಖಾಲಿ ಜಾಗದಲ್ಲಿ ಪಾಯ ತೋಡಿ ಮುಗಿದಿತ್ತು. ಅವಳನ್ನು ಮದುವೆಯಾಗಲಿದ್ದ ಗೌಂಡಿ ಮಾಶಾಕ ಸುಣ್ಣದ ಬುಟ್ಟಿ ಕೆಳಗಿಟ್ಟ. ಊರವರಿಗೆಲ್ಲ ಮನೆ ಕಟ್ಟಿಕೊಟ್ಟವನು ಈಗ ಮೊದಲ ಬಾರಿಗೆ ತಮ್ಮಿಬ್ಬರಿಗಾಗಿ ಕಟ್ಟುತ್ತಿದ್ದ. ಬೇವಿನ ನೆರಳಲ್ಲಿ ಅವಳ ಜೊತೆಗೆ ಬಂದಿದ್ದ ಚಿಕ್ಕಮ್ಮ ಮಾಸುಮಬಿ ಬೇಕೆಂದೇ ಬೇರೆ ಕಡೆ ನೋಡುತ್ತ ಕುಳಿತಿದ್ದಳು.

"ಯಾಕ? ಏನಾತು?"

"ಕಿಡಕಿ ಎಷ್ಟ ಎತ್ತರಕ್ಕ?"

ಮೂಲೆಯಲ್ಲಿ ನೆಟ್ಟ ಅಳತೆಗೋಲಿನ ಮೇಲೆ ಕೆಂಪು ಗೆರೆಯಿತ್ತು. "ನೆಲದಿಂದ ಮೂರು ಫೂಟು. ಎಲ್ಲಾರ ಮನ್ಯಾಗೂ ಅಷ್ಟ."

"ನೇಕಾರರ ಮನ್ಯಾಗ ಅಲ್ಲ."

ಕುಣಿಮಗ್ಗದವರು ನೆಲದ ಮೇಲೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯುತ್ತಾರೆ. ಮೂರು ಫೂಟಿನ ಕಿಡಕಿಯ ಬೆಳಕು ಅವರ ನೂಲಿಗೆ ತಾಗುವುದಿಲ್ಲ.

ಹೋದ ವರ್ಷ, 1978ರಲ್ಲಿ, ತಂದೆ ಇಸ್ಮಾಯಿಲಸಾಬ ಮಗ್ಗದ ಮುಂದೆಯೇ ತೀರಿಕೊಂಡಿದ್ದ. ಅಂದಿನಿಂದ ಖೈರುನಬಿ ಮಗ್ಗ ಮುಟ್ಟಿಲ್ಲ. ಅತ್ತೂ ಇಲ್ಲ. ಉಣ್ಣು ಎಂದರೆ ಉಣ್ಣುವಳು, ಮಲಗು ಎಂದರೆ ಮಲಗುವಳು. ಹೊಸ ಮನೆಯಲ್ಲಿ ಮತ್ತೆ ನೇಯಲು ಕುಳಿತೇನು ಎಂಬ ಒಂದೇ ಆಸೆ ಒಳಗೆಲ್ಲೋ ಉಳಿದಿತ್ತು. ಆ ಗೆರೆ ನೋಡಿದ ಮೇಲೆ ಅದೂ ಉಳಿಯಲಿಲ್ಲ.

"ನೇಕಾರ ಹುಡುಗಿ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ರಿ..."

"ಬ್ಯಾಡ ಅಂದೋರ್ಯಾರು?" ಮಾಶಾಕನ ಧ್ವನಿ ಒಡೆಯಿತು. "ಮಗ್ಗ ಕಂಡ್ರ ನಿನಗ ಅಬ್ಬಾನ ನೆನಪಾಗ್ತೈತಿ... ನಮ್ಮ ಮನ್ಯಾಗರ ಅದು ಕಾಣೂದು ಬ್ಯಾಡ ಅಂತ ಕುಣಿ ತೋಡ್ಲಿಲ್ಲ, ಕಿಡಕೀನೂ ಮ್ಯಾಲಿಟ್ಟೆ."

"ನನ್ನ ಕೇಳಿದ್ರೇನು?"

"ಊರ ಮಂದೀನ್ನೆಲ್ಲ ಕೇಳಿ ಕಿಡಕಿ ಇಡ್ತೀನಿ. ನಿನ್ನ ಕೇಳಾಕ... ಅಂಜಿಕಿ ಬಂತು."

ಹೀಗೂ ಒಬ್ಬ ಗೌಂಡಿ!

ಅವನು ಪಾಯದ ಅಂಚಿನ ಮಣ್ಣನ್ನು ಕೈಯಿಂದ ಸವರಿ ಸಮ ಮಾಡಿದ. "ಇಲ್ಲೇ ಕುಂಡ್ರು. ಮಗ್ಗಕ್ಕ ಕುಂತಂಗ."

ಅವಳು ಕುಳಿತು ಕಾಲು ಇಳಿಬಿಟ್ಟಳು. ಅಲ್ಲಿಲ್ಲದ ಲಾಳಿಯ ಹಗ್ಗವನ್ನು ಬಲಗೈ ಎಳೆಯಿತು. ಅಲ್ಲಿಲ್ಲದ ಹಲಗೆಯನ್ನು ಎಡಗೈ ಬಡಿಯಿತು. ಪಾದಕ್ಕೆ ಹಸಿ ಮಣ್ಣು ತಾಗಿತು... ತಣ್ಣಗಿತ್ತು! ಒಂದು ವರ್ಷದಿಂದ ಅವಳಿಗೆ ಬಿಸಿ, ತಂಪು ಯಾವುದೂ ಗೊತ್ತಾಗಿರಲಿಲ್ಲ. ಕಲ್ಲಿನ ಚೂರೊಂದು ಹಿಮ್ಮಡಿಗೆ ಚುಚ್ಚಿತು. ಹಾಳಾಗಲಿ, ನೋವಾದರೂ ಆಯಿತಲ್ಲ!

ಮಾಶಾಕ ಟೇಪು ಹಿಡಿದು ಅಳೆದ. ಹಳೆಯ ಗೆರೆ ಕೆರೆದು, ಒಂದು ಫೂಟಿಗೆ ಹೊಸದು ಎಳೆದ.

"ಗ್ವಾಡಿ ಒಂದೂವರಿ ಫೂಟು ದಪ್ಪ ಇಡ್ಲೇನು? ಮಗ್ಗದ ಸಪ್ಪಳ ಓಣಿಗೆ ಕೇಳೂದಿಲ್ಲ."

"ಕೇಳ್ಲಿರಿ."

"ಯಾರಿಗೆ?"

"ನೀವು ಕೆಲಸಾ ಮುಗಿಸಿ ಬರೂವಾಗ ಓಣಿ ತುದಿಗೇ ಕೇಳಬೇಕು... ನಾ ಮನ್ಯಾಗ ಅದೀನಿ ಅಂತ."

ಅವನು ಟೇಪನ್ನು ಮತ್ತೆ ಬಿಚ್ಚಿದ. "ಅಗಲ... ಕಿಡಕಿ ಅಗಲ ಎಷ್ಟ ಇಡ್ಲಿ?"

ಅವಳು ಎರಡೂ ಕೈ ಚಾಚಿದಳು. ಅವನು ಟೇಪನ್ನು ಈ ಬೆರಳಿನಿಂದ ಆ ಬೆರಳಿಗೆ ಎಳೆದು, ಇಟ್ಟಿಗೆಯ ಮೇಲಿದ್ದ ಉಂಗುರವನ್ನು ಮತ್ತೆ ಅವಳ ಬೆರಳಿಗೆ ತೊಡಿಸಿದ.

"ಐದು ಫೂಟು," ಎಂದ ಮೆಲ್ಲಗೆ. "ಆತು?"

"ಇನ್ನೊಂದು ಗೇಣು ಇರ್ಲಿರಿ..." ಎಂದಳು ಖೈರುನಬಿ, ಕಣ್ಣೊರೆಸಿಕೊಳ್ಳುತ್ತ.