ಹಲ್ಲು ಲೀಡರ್‌ನ ಲವಂಗ

“ಆ ಅನ್ನು! ಇನ್ನೂ ದೊಡ್ಡದಾಗಿ! ಒಳಗೆ ಟೌನ್ ಬಸ್ ನುಗ್ಗಬೇಕು, ಅಷ್ಟು ದೊಡ್ಡದಾಗಿ!”

ಶಶಿಕುಮಾರ ಟಾರ್ಚ್ ಹಾಕಿ ಭಾನುವಿನ ಬಾಯಿಗೆ ಮೂಗು ತೂರಿಸಿದ. ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆ ಸಾಲಾಗಿ ನಿಂತಿತ್ತು. ಭಾನು ಕಣ್ಣು ಮುಚ್ಚಿ ಬಾಯಿ ತೆರೆದಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು, ಟೀ ಚೆಲ್ಲಿ ಒಣಗಿದ ಹಾಗೆ.

“ಅಯ್ಯಪ್ಪಾ, ತುಕ್ಕು ಹಿಡಿದ ಗೇಟು!” ಎಂದು ಕೂಗಿದ ಶಶಿಕುಮಾರ. “ಔಟ್! ನಲ್ಲಿ ಹತ್ರ ಹೋಗು. ಬೆಳ್ಳಗಾಗೋವರ್ಗೂ ಉಜ್ಜು.”

“ಉಜ್ಕೊಂಡೇ ಬಂದಿದೀನಿ ಕಣ್ಲಾ.”

“ಯಾವುದ್ರಲ್ಲಿ? ಸಗಣೀಲಾ?”

ಸಾಲೆಲ್ಲ ಗೊಳ್ಳೆಂದು ನಕ್ಕಿತು. ಭಾನು ನಲ್ಲಿಯ ಕಡೆ ನಡೆದಳು. ದಿನವೂ ಹೀಗೇ. ಪ್ರಾರ್ಥನೆ ಶುರುವಾಗುವಾಗ ಎಲ್ಲರೂ ಸಾಲಿನಲ್ಲಿ, ಭಾನು ನಲ್ಲಿಯ ಹತ್ತಿರ.

ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಹತ್ತಿರದ ಬಾಗಲೂರಿನಿಂದ ಸ್ವಲ್ಪ ಒಳಗೆ, ಗುಲಾಬಿ ತೋಟಗಳ ಮಧ್ಯೆ ಇತ್ತು ಈ ಕನ್ನಡ ಶಾಲೆ. ಶಶಿಕುಮಾರ ಅಲ್ಲಿ ಐದನೇ ಕ್ಲಾಸು. ಅವನ ಅಪ್ಪ ಮಂಡ್ಯದ ಕಡೆಯಿಂದ ಬಂದು ಹೊಸೂರಿನ ಫ್ಯಾಕ್ಟರಿ ಸೇರಿದವರು. ಅವರ ಮನೆಯಲ್ಲಿ ಕುಡಿಯುವುದು ಕ್ಯಾನ್ ನೀರು. ಇನ್ನು ಅವನ ಹಲ್ಲೋ! ಅವನು ನಕ್ಕರೆ ಹೈವೇಯಲ್ಲಿ ಲಾರಿ ಡ್ರೈವರುಗಳು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ರಾತ್ರಿ ಆಕಳಿಸಿದರೆ ಬೆಳಗಾಯಿತೆಂದು ಕೋಳಿಗಳು ಕೂಗುತ್ತಿದ್ದವು. ನಂಬಿಕೆ ಬರದಿದ್ದರೆ ಆ ಕೋಳಿಗಳನ್ನೇ ಕೇಳಿ. ಬದುಕಿದ್ದರೆ ಹೇಳುತ್ತವೆ.

ಈ ಹೊಳಪು ನೋಡಿಯೇ ನಾಗವೇಣಿ ಟೀಚರ್ ಅವನನ್ನು ‘ಹಲ್ಲು ಲೀಡರ್’ ಮಾಡಿದ್ದರು. ಲೀಡರ್ ಆದ ಮೇಲೆ ಅವನು ಎಲ್ಲರ ಹಾಗೆ ನಡೆಯುವುದನ್ನೇ ಬಿಟ್ಟ. ಕಲೆಕ್ಟರ್ ಬರುವ ಹಾಗೆ ಬರುತ್ತಿದ್ದ. ಅವನ ಮುಂದೆ ಟಾರ್ಚ್ ಬರುತ್ತಿತ್ತು. ಟಾರ್ಚಿನ ಮುಂದೆ ಅವನ ಹೊಟ್ಟೆ ಬರುತ್ತಿತ್ತು.

ಆದರೆ ಲೀಡರ್‌ಗೆ ಒಂದು ಗುಟ್ಟಿತ್ತು.

ಎಡಗಡೆ ಮೇಲಿನ ದವಡೆ ಹಲ್ಲಿನೊಳಗೆ ಯಾರೋ ಬೋರ್‌ವೆಲ್ ಕೊರೆಯುತ್ತಿದ್ದರು. ತಣ್ಣೀರು ತಾಗಿದರೆ ಸಾಕು, ನೋವು ಕಿವಿಯವರೆಗೆ ಓಡಿ, ತಲೆಯನ್ನು ಒಂದು ಸುತ್ತು ಹಾಕಿ, ಮತ್ತೆ ಹಲ್ಲಿಗೇ ಬಂದು ಕೂರುತ್ತಿತ್ತು. ಅಮ್ಮನಿಗೆ ಹೇಳಿದರೆ ಆಸ್ಪತ್ರೆ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಸುದ್ದಿ. ಸುದ್ದಿಯಾದರೆ ಟಾರ್ಚ್ ಬೇರೆಯವರ ಕೈಗೆ. ಅದಕ್ಕೇ ಅವನು ಅಡುಗೆಮನೆಯ ಡಬ್ಬಿಯಿಂದ ಲವಂಗ ಕದ್ದು, ದಿನಾ ಬೆಳಿಗ್ಗೆ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದ.

ಕನ್ನಡಿಯಲ್ಲಿ ನೋಡಿಕೊಂಡರೆ ಒಂದು ಕಲೆಯೂ ಇಲ್ಲ, ತೂತೂ ಇಲ್ಲ. ಕಾಣದೇ ಇರುವುದನ್ನು ಯಾರು ತಾನೇ ಹಿಡಿಯುತ್ತಾರೆ?

ಒಂದು ದಿನ ಮಕ್ಕಳ ಹಲ್ಲು ಪರೀಕ್ಷೆಗೆ ಹೊಸೂರಿನಿಂದ ಚಂದ್ರಲೇಖಾ ಡಾಕ್ಟರ್ ಬಂದರು. ಮನೆಯಲ್ಲಿ ತಮಿಳು, ಶಾಲೆಗಳಲ್ಲಿ ಕನ್ನಡ ಅವರಿಗೆ. ಬ್ಯಾಗಿನಿಂದ ಪೆನ್ನಿನಂಥ ಒಂದು ಸಾಮಾನು ತೆಗೆದರು. ತುದಿಯಲ್ಲಿ ಏಡಿಯ ಕೊಂಡಿಯ ಹಾಗೆ ಎರಡು ಪುಟ್ಟ ಕಾಲು. ಅದರಿಂದ ಎಳೆದ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಸ್ಮಾರ್ಟ್ ಬೋರ್ಡಿಗೆ ಸೇರಿಸಿದರು.

“ಈ ಎರಡು ಕಾಲು ಹಲ್ಲನ್ನ ಎರಡು ಕಡೆಯಿಂದ ಹಿಡ್ಕೊಳ್ತವೆ,” ಎಂದರು ಡಾಕ್ಟರ್. “ಬೆಳಕು ಹಲ್ಲಿನ ಒಳಗೇ ತೂರಿ ಹೋಗ್ತದೆ. ಮೇಲಿಂದ ಕ್ಯಾಮೆರಾ ಫೋಟೋ ತೆಗೀತದೆ. ಹಲ್ಲು ಚೆನ್ನಾಗಿದ್ರೆ ಬೆಳ್ಳಗೆ ಕಾಣ್ತದೆ. ಹುಳುಕಾಗಿದ್ರೆ ಅಲ್ಲಿ ಬೆಳಕು ದಾಟಲ್ಲ, ಕಪ್ಪಗೆ ಕಾಣ್ತದೆ. ಸರಿ, ಯಾರು ಮೊದಲು?”

‘ಒಳಗೆ’ ಎಂಬ ಮಾತು ಕೇಳಿ ಶಶಿಕುಮಾರನ ಲವಂಗ ಅಲ್ಲಾಡಿತು. ಮೆಲ್ಲಗೆ ತನ್ನ ಕ್ಲಾಸಿನ ಕೆಂಪರಾಜುವಿನ ಬೆನ್ನ ಹಿಂದೆ ಸರಿದ.

“ನಮ್ಮ ಹಲ್ಲು ಲೀಡರೇ ಮೊದಲು!” ಎಂದರು ನಾಗವೇಣಿ ಟೀಚರ್, ಮೆಡಲ್ ತೋರಿಸುವವರ ಹಾಗೆ. “ಬಾರೋ, ಹಲ್ಲು ಅಂದ್ರೆ ಹೆಂಗಿರ್ಬೇಕು ಅಂತ ಎಲ್ರೂ ನೋಡ್ಲಿ!”

ಶಶಿಕುಮಾರ ಲವಂಗ ನುಂಗಿ, ಹೋಗಿ ಕೂತ. ಕೊಂಡಿ ಒಂದೊಂದೇ ಹಲ್ಲು ಹಿಡಿಯುತ್ತಾ ಹೋಯಿತು. ಬಾಯೆಲ್ಲ ಕೆಂಪಗೆ ಬೆಳಗಿತು. ಬೋರ್ಡಿನ ಮೇಲೆ ಆನೆಯಷ್ಟು ದೊಡ್ಡ ಹಲ್ಲುಗಳು ಬಂದವು. ಬೆಳ್ಳಗೆ, ಬೆಳ್ಳಗೆ, ಬೆಳ್ಳಗೆ… ಆಮೇಲೆ ಎಡಗಡೆಯದು ಬಂತು.

ಎರಡು ಹಲ್ಲು ಅಂಟಿಕೊಂಡಿದ್ದ ಜಾಗದಲ್ಲಿ ಕರ್ರಗೆ ಒಂದು ಮೋಡ. ನಾನು ಕಂಡ ಹಾಗೆ ಹೇಳುವುದಾದರೆ, ಅದರೊಳಗೆ ಒಂದು ಎಮ್ಮೆ ಆರಾಮಾಗಿ ಮಲಗಬಹುದಿತ್ತು.

ಯಾರೂ ನಗಲಿಲ್ಲ. ನಗುವುದಕ್ಕೂ ಲೀಡರ್ ಅಪ್ಪಣೆ ಬೇಕೇನೋ ಎಂದು ಸುಮ್ಮನಿದ್ದರು.

“ಇಲ್ಲಿ ನೋವಿಲ್ವಾ ಕಣ್ಣಾ?”

“ಇಲ್ಲ ಡಾಕ್ಟರ್.”

ಡಾಕ್ಟರ್ ಆ ಹಲ್ಲನ್ನು ಮೆಲ್ಲಗೆ ತಟ್ಟಿದರು. ಶಶಿಕುಮಾರ ಕೂಗಿದ ಕೂಗಿಗೆ ಪಕ್ಕದ ತೋಟದ ಗುಲಾಬಿಗಳೆಲ್ಲ ಒಟ್ಟಿಗೆ ಅರಳಿಬಿಟ್ಟವು. ತೋಟದವರು ಇವತ್ತಿಗೂ ಅದಕ್ಕೆ ಗೊಬ್ಬರವೇ ಕಾರಣ ಎಂದುಕೊಂಡಿದ್ದಾರೆ.

“ಮಿಷಿನ್ ಸರಿಯಿಲ್ಲ!” ಕಣ್ಣೊರೆಸಿಕೊಂಡು ಅವನು ಎದ್ದ. “ಬೇಕಾದ್ರೆ ಭಾನು ಬಾಯಿಗೆ ಹಾಕಿ. ಬೋರ್ಡೆಲ್ಲ ಕಪ್ಪಾಗೋಗ್ತದೆ. ಕರೆಂಟೇ ಹೋಗ್ಬುಡ್ತದೆ!”

ಈಗ ಎಲ್ಲರೂ ನಕ್ಕರು. ಭಾನು ತುಟಿ ಬಿಗಿದುಕೊಂಡು ಕುರ್ಚಿಯಲ್ಲಿ ಕೂತಳು. ಡಾಕ್ಟರ್ ಕಾದರು. ಬಹಳ ಹೊತ್ತಾದ ಮೇಲೆ ಅವಳು ಬಾಯಿ ತೆರೆದಳು, ಕಣ್ಣು ಮುಚ್ಚಿಕೊಂಡೇ.

ಬೋರ್ಡಿನ ಮೇಲೆ ಒಂದು ಹಲ್ಲು ಬಂತು. ಇನ್ನೊಂದು ಬಂತು. ಮೇಲೆ ಒಂಚೂರು ಮಬ್ಬು, ಅಷ್ಟೇ. ಒಳಗೆಲ್ಲ ಹುಣ್ಣಿಮೆ. ಒಂದು ಮೋಡವೂ ಇಲ್ಲ.

“ಕಣ್ಣು ಬಿಟ್ಟು ನೋಡಮ್ಮಾ,” ಎಂದರು ಡಾಕ್ಟರ್.

ಭಾನು ನೋಡಿದಳು. “ಇದು ನಂದಾ?”

“ನಿಂದೇ. ಒಂದೂ ಹುಳುಕಿಲ್ಲ. ಈ ಕಂದು ಬಣ್ಣ ಕೊಳೆ ಅಲ್ಲ. ನೀನು ಚಿಕ್ಕವಳಿದ್ದಾಗಿಂದ ಕುಡಿದ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಹುಟ್ಟೋಕೆ ಮುಂಚೇನೇ ಸೇರ್ಕೊಂಡಿದೆ. ಎಷ್ಟು ಉಜ್ಜಿದ್ರೂ ಹೋಗಲ್ಲ.” ಡಾಕ್ಟರ್ ಬಗ್ಗಿ ಇನ್ನೊಮ್ಮೆ ನೋಡಿದರು. “ಒಸಡೆಲ್ಲ ಯಾಕೆ ಹಿಂಗೆ ಕಿತ್ತೋಗಿದೆ? ಯಾತರಲ್ಲಿ ಉಜ್ತೀಯಾ?”

“ಇಟ್ಟಿಗೆ ಪುಡೀಲಿ.”

“ಅಯ್ಯೋ! ಯಾರು ಹೇಳಿದ್ದು ಅಷ್ಟು ಉಜ್ಜೋಕೆ?”

“ಲೀಡರ್ರು,” ಎಂದಳು ಭಾನು. “ಬೆಳ್ಳಗಾಗೋವರ್ಗೂ ಅಂದ್ರು.”

ಡಾಕ್ಟರ್ ನಾಗವೇಣಿ ಟೀಚರ್ ಕಡೆ ತಿರುಗಿದರು. ನಾಗವೇಣಿ ಟೀಚರ್ ಫ್ಯಾನ್ ನೋಡುತ್ತಿದ್ದರು. ಫ್ಯಾನ್ ತಿರುಗುತ್ತಿರಲಿಲ್ಲ.

ಶನಿವಾರ ಕ್ಲಿನಿಕ್ಕಿಗೆ ಕರೆದುಕೊಂಡು ಬನ್ನಿ, ಹುಳುಕು ತೆಗೆದು ಹಲ್ಲು ತುಂಬಿಸೋಣ ಎಂದು ಡಾಕ್ಟರ್ ಶಶಿಕುಮಾರನ ಅಮ್ಮನಿಗೆ ಫೋನ್ ಮಾಡಿ ಹೇಳಿ ಹೋದರು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಟಾರ್ಚ್ ಭಾನುವಿನ ಕೈಯಲ್ಲಿತ್ತು. ಟೀಚರೇ ಕೊಟ್ಟಿದ್ದರು, ಏನೂ ಆಗೇ ಇಲ್ಲವೆಂಬ ಹಾಗೆ.

“ಇವತ್ತು ನಿನ್ನ ಕತೆ ಮುಗೀತು ಕಣ್ಲಾ,” ಎಂದು ಕೆಂಪರಾಜು ಪಿಸುಗುಟ್ಟಿದ. ನಿನ್ನೆಯವರೆಗೆ ಶಶಿಕುಮಾರನ ಪ್ರತಿ ಜೋಕಿಗೂ ಮೊದಲು ನಗುತ್ತಿದ್ದವನು ಇವನೇ.

ಭಾನು ಸಾಲಿನ ಉದ್ದಕ್ಕೂ ಬಂದು ಶಶಿಕುಮಾರನ ಮುಂದೆ ನಿಂತಳು. ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ತೆರೆದ ಮೇಲೆ ತಿಳಿಯಿತು, ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ ಎಂದು.

ಭಾನು ಟಾರ್ಚ್ ಹಾಕಲಿಲ್ಲ.

“ಇವತ್ತು ಎರಡು ಲವಂಗ ಇಟ್ಕೊಂಡಿದೀಯಾ?” ಭಾನುವಿನ ದನಿ ಅವನೊಬ್ಬನಿಗೇ ಕೇಳುವಷ್ಟು ಸಣ್ಣಗಿತ್ತು. “ಜಾಸ್ತಿ ಇಡ್ಬೇಡ. ಒಸಡು ಸುಟ್ಟೋಗ್ತದೆ. ನಮ್ಮಜ್ಜಿಗೆ ಹಂಗೇ ಆಯ್ತು.”

ಅವನು ಕಣ್ಣು ಬಿಟ್ಟ. “ಲವಂಗ… ನಿಂಗೆಂಗೆ ಗೊತ್ತು?”

“ದಿನಾ ನನ್ ಬಾಯಿ ನೋಡೋಕೆ ಬಗ್ತಿದ್ದಲ್ಲ. ದಿನಾ ವಾಸ್ನೆ ಬತ್ತಿತ್ತು. ಇವತ್ತು ಡಬಲ್.”

“ಮತ್ತೆ… ಯಾರ್ಗೂ ಹೇಳ್ಲಿಲ್ಲ?”

ಭಾನು ಸಾಲಿನ ಕಡೆ ತಿರುಗಿ, ಅವನದೇ ದನಿ ಮಾಡಿ, ಎಲ್ಲರಿಗೂ ಕೇಳುವಂತೆ ಕೂಗಿದಳು: “ಔಟ್! ನಲ್ಲಿ ಹತ್ರ ಹೋಗು!”

ಸಾಲು ಬಿದ್ದು ಬಿದ್ದು ನಕ್ಕಿತು. ಕೆಂಪರಾಜು ಎಲ್ಲರಿಗಿಂತ ಮೊದಲು.

ಶಶಿಕುಮಾರ ನಲ್ಲಿಯವರೆಗೆ ನಡೆದ. ಅಷ್ಟು ದೂರವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಬಾಯಿಗೆ ನೀರು ಹಾಕಿಕೊಂಡ. ತಣ್ಣಗಿನ ನೀರು ಹಲ್ಲಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಹಿಂದೆ ಪ್ರಾರ್ಥನೆ ಶುರುವಾಯಿತು. ಇಲ್ಲಿಂದ ಎಲ್ಲರ ಬೆನ್ನು ಮಾತ್ರ ಕಾಣುತ್ತಿತ್ತು.

ನಲ್ಲಿಯ ಬಾಯಿಯ ಸುತ್ತ ಬೋರ್ ನೀರು ಸೋರಿ ಸೋರಿ ಕಂದು ಬಣ್ಣದ ಕಲೆ ಗಟ್ಟಿ ಕಟ್ಟಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಉಜ್ಜಿದ. ಉಗುರಿನಿಂದ ಕೆರೆದ. ನೆಲದ ಮೇಲಿದ್ದ ಇಟ್ಟಿಗೆ ಚೂರು ತಗೊಂಡು ಉಜ್ಜಿದ. ಬೆರಳು ತರಚಿತು.

ಪ್ರಾರ್ಥನೆ ಮುಗಿಯುವವರೆಗೂ ಅವನು ಉಜ್ಜುತ್ತಲೇ ಇದ್ದ. ಕಲೆ ಹಾಗೇ ಇತ್ತು.